ಟೆಕ್ನೋ ಕೇಳೋಕೆ ಬರ್ಲಿನ್‌ಗೆ ಹೋಗಬೇಕು ಅಂತಿದ್ದೇವೆ, ನಮ್ಮ ಕಡೆಯಿಂದ ಯಾರಾದರೂ ಹೋಗಿದ್ದೀರಾ?

ಉದ್ಯಮಬಾಗ್ ಬೀಟ್:
ನಮಸ್ಕಾರ ಎಲ್ಲರಿಗೂ. ನಾನು ಬೆಳಗಾವಿಯವನು. ಹಗಲು ಉದ್ಯಮಬಾಗ್‌ನಲ್ಲಿ ಸಿಎನ್‌ಸಿ ಮಶೀನ್ ಮುಂದೆ ಕೆಲಸ, ರಾತ್ರಿ ಲ್ಯಾಪ್‌ಟಾಪ್ ಮುಂದೆ ಟ್ರ್ಯಾಕ್ ಮಾಡೋದು. ಮಶೀನಿನಿಂದ ಮಾಡೋ ಈ ಕುಣಿತದ ಸಂಗೀತ, ಟೆಕ್ನೋ ಅಂದರೆ ನನಗೆ ಪ್ರಾಣ. ಮುಂದಿನ ಸೆಪ್ಟೆಂಬರ್‌ನಲ್ಲಿ ನಾನೂ ಮನೆಯವಳೂ ಒಂದು ವಾರದ ಮಟ್ಟಿಗೆ ಬರ್ಲಿನ್‌ಗೆ ಹೋಗಿ ಬರಬೇಕು ಅಂತ ದುಡ್ಡು ಕೂಡಿಡುತ್ತಿದ್ದೇವೆ. ನನಗೆ ಕ್ಲಬ್, ರೆಕಾರ್ಡ್ ಅಂಗಡಿ, ಸಿಂಥ್ (ಸಿಂಥಸೈಸರ್) ಅಂಗಡಿ ಬೇಕು. ಅವಳಿಗೆ ಬಟ್ಟೆ ಮತ್ತು ಹಳೇ ಸಾಮಾನಿನ ಸಂತೆ.

ಕೇಳಬೇಕಾದ್ದು ಇಷ್ಟು. ಆ ವಾರವನ್ನು ಹೇಗೆ ಹಂಚಿಕೊಳ್ಳಬೇಕು? ದೊಡ್ಡ ಕ್ಲಬ್‌ಗಳ ಬಾಗಿಲಲ್ಲೇ ಜನರನ್ನು ವಾಪಸ್ ಕಳಿಸುತ್ತಾರೆ ಅಂತಾರಲ್ಲ, ನಮ್ಮಂಥವರನ್ನು ಒಳಗೆ ಬಿಡುತ್ತಾರಾ? ಅವಳು ಮೊಟ್ಟೆಯನ್ನೂ ಮುಟ್ಟಲ್ಲ, ಊಟಕ್ಕೆ ಏನು ಮಾಡೋದು? ಮನೆಯಲ್ಲಿ ಹಿರಿಯರು "ಕುಣಿಯೋದಕ್ಕೆ ಜರ್ಮನಿ ಯಾಕೆ ಬೇಕು" ಅಂತ ಕೇಳುತ್ತಿದ್ದಾರೆ. ಅದಕ್ಕೂ ಯಾರಾದರೂ ಒಂದು ಒಳ್ಳೆಯ ಉತ್ತರ ಕೊಡಿ.

ಗಣಪತ್ ಗಲ್ಲಿ ವ್ಯಾಪಾರಿ:
ತಮ್ಮಾ, ಹಿರಿಯರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಶಾಪಿಂಗ್ ಅಂದರೆ ಬ್ಯಾಂಕಾಕ್. ಚತುಚಕ್‌ನಲ್ಲಿ ಶನಿವಾರ, ರವಿವಾರ ಸಂತೆ ಕೂಡುತ್ತದೆ, ಎಷ್ಟು ಸುತ್ತಿದರೂ ಮುಗಿಯಲ್ಲ. ಬರ್ಲಿನ್‌ನಲ್ಲಿ ಒಂದು ಜಾಕೆಟ್‌ಗೆ ಕೊಡೋ ದುಡ್ಡಲ್ಲಿ ಅಲ್ಲಿ ಒಂದು ಸೂಟ್‌ಕೇಸ್ ತುಂಬುತ್ತದೆ. ರಾತ್ರಿ ಕುಣಿಯೋ ಜಾಗಗಳೂ ಬೇಕಾದಷ್ಟಿವೆ.

ಚೋರ್ಲಾ ರೈಡರ್:
ಬ್ಯಾಂಕಾಕ್ ಕೂಡ ಯಾಕ್ರೀ? ಚೋರ್ಲಾ ಘಾಟ್ ಇಳಿದರೆ ಗೋವಾ. ಬೆಳಿಗ್ಗೆ ಬೈಕ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಂಜುನಾ. ಟ್ರಾನ್ಸ್ ಸಂಗೀತ ಬೆಳೆದಿದ್ದೇ ಆ ದಂಡೆಯಲ್ಲಿ. ಜರ್ಮನಿಯವರು ಅಲ್ಲಿಗೆ ಬಂದು ಕೇಳಿ, ಕಲಿತು ಹೋದರು. ನಾವು ಅದನ್ನು ಬಿಟ್ಟು ಅವರೂರಿಗೆ ಹೋಗಬೇಕಾ?

ಹಳೇ ಕ್ಯಾಸೆಟ್:
ರೈಡರ್ ಅಣ್ಣಾ, ಗೋವಾ ಟ್ರಾನ್ಸ್‌ನ ದಾರಿ ಬೇರೆ, ಟೆಕ್ನೋದ ದಾರಿ ಬೇರೆ. ಟೆಕ್ನೋ ಹುಟ್ಟಿದ್ದು ಅಮೆರಿಕದ ಡೆಟ್ರಾಯಿಟ್ ಕಡೆ, 1980ರ ದಶಕದಲ್ಲಿ. ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಅಂತ ಒಂದೇ ಶಾಲೆಯಲ್ಲಿ ಓದಿದ ಮೂವರು ಕಪ್ಪು ಹುಡುಗರು ಕಟ್ಟಿದ ಸಂಗೀತ ಅದು. ಅವರು ಕೇಳಿ ಬೆಳೆದಿದ್ದರಲ್ಲಿ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನ ಕ್ರಾಫ್ಟ್‌ವೆರ್ಕ್ ತಂಡವೂ ಇತ್ತು.

ಅದು ಬರ್ಲಿನ್‌ಗೆ ಬಂದು ನೆಲೆ ನಿಂತದ್ದಕ್ಕೆ ಕಾರಣ, ಊರನ್ನು ಪೂರ್ವ, ಪಶ್ಚಿಮ ಅಂತ ಎರಡು ಮಾಡಿದ್ದ ಗೋಡೆ. 1989ರ ನವೆಂಬರ್ 9ಕ್ಕೆ ಗಡಿ ತೆರೆಯಿತು. ಪೂರ್ವದ ಕಡೆ ಕಾರ್ಖಾನೆ, ಬಂಕರ್, ಗೋದಾಮು ಎಲ್ಲ ಖಾಲಿ ಬಿದ್ದಿದ್ದವು. ಎಷ್ಟೋ ಕಟ್ಟಡಗಳಿಗೆ ಮಾಲೀಕರು ಯಾರು ಅಂತಲೇ ತೀರ್ಮಾನ ಆಗಿರಲಿಲ್ಲ. ಹುಡುಗರು ಒಳಗೆ ಹೊಕ್ಕು ಸ್ಪೀಕರ್ ಇಟ್ಟರು. ಪೂರ್ವದವರೂ ಪಶ್ಚಿಮದವರೂ ಮೊದಲ ಸಲ ಜೊತೆಗೆ ಕುಣಿದದ್ದು ಇಂಥ ಕಡೆ. ಟ್ರೆಸೋರ್ ಕ್ಲಬ್ 1991ರಲ್ಲಿ ಶುರುವಾದದ್ದು ಒಂದು ಹಳೇ ಡಿಪಾರ್ಟ್‌ಮೆಂಟ್ ಸ್ಟೋರ್‌ನ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ. ತುಕ್ಕು ಹಿಡಿದ ಲಾಕರ್‌ಗಳು, ಕಬ್ಬಿಣದ ಸರಳುಗಳು ಎಲ್ಲ ಹಾಗೇ ಇದ್ದವು. ಆ ಜಾಗ 2005ರಲ್ಲಿ ಮುಚ್ಚಿತು. 2007ರಿಂದ ಒಂದು ಹಳೇ ವಿದ್ಯುತ್ ಸ್ಥಾವರದಲ್ಲಿ ನಡೆಯುತ್ತಿದೆ.

ಚೋರ್ಲಾ ರೈಡರ್:
ಇತಿಹಾಸ ಒಪ್ಪಿದೆ. ಆದರೆ ಗೋವಾದಲ್ಲೂ ಈಗ ಟೆಕ್ನೋ ರಾತ್ರಿಗಳು ಆಗುತ್ತವೆ. ಸನ್‌ಬರ್ನ್ ಸಂಗೀತ ಉತ್ಸವ 2007ರಲ್ಲೇ ಶುರುವಾಗಿದ್ದು ಗೋವಾದಲ್ಲಿ.

ಉದ್ಯಮಬಾಗ್ ಬೀಟ್:
ಗೋವಾಕ್ಕೆ ನಾನು ಹೋಗುತ್ತಲೇ ಇರುತ್ತೇನೆ ಅಣ್ಣಾ. ಅಲ್ಲಿ ಸೆಟ್, ಅಂದರೆ ಡಿಜೆ ಒಂದೇ ಸಮ ಬಾರಿಸೋದು, ಬಿಸಿ ಏರುವ ಹೊತ್ತಿಗೆ ಬಯಲಿನಲ್ಲಿ ಸ್ಪೀಕರ್ ಬಂದ್ ಆಗುತ್ತದೆ. ನನಗೆ ಒಬ್ಬ ಡಿಜೆ ಐದಾರು ತಾಸು ಒಂದೇ ಸಮ ಬಾರಿಸೋದನ್ನು ನಿಂತು ಕೇಳಬೇಕು.

ಕ್ಯಾಂಪ್ ಹುಡುಗಿ:
ನಾನು ಬೆಳಗಾವಿ ಕ್ಯಾಂಪ್‌ನಲ್ಲಿ ಬೆಳೆದವಳು, ಎಂಎಸ್ ಓದಿದ್ದು ಬರ್ಲಿನ್‌ನಲ್ಲಿ. ಗೊತ್ತಿರೋದನ್ನೆಲ್ಲ ಹೇಳುತ್ತೇನೆ, ಉದ್ದ ಆಗುತ್ತದೆ.

ಮೊದಲು ವಾರದ ಲೆಕ್ಕ. ಅಲ್ಲಿ ರವಿವಾರ ಅಂಗಡಿಗಳು ಬಂದ್. ಬಟ್ಟೆ ಅಂಗಡಿ, ಮಾಲ್, ಸೂಪರ್‌ಮಾರ್ಕೆಟ್ ಎಲ್ಲವೂ. ವರ್ಷಕ್ಕೆ ಕೆಲವೇ ರವಿವಾರ ತೆರೆಯಲು ಅನುಮತಿ ಇದೆ, ಅಷ್ಟೇ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳು ತೆರೆದಿರುತ್ತವೆ. ಹಾಗಾಗಿ ಶಾಪಿಂಗ್ ಶನಿವಾರ ಸಂಜೆಯೊಳಗೆ ಮುಗಿಸಿ. ರವಿವಾರ ಬೆಳಿಗ್ಗೆ ಹಳೇ ಸಾಮಾನಿನ ಸಂತೆ, ಮಧ್ಯಾಹ್ನದಿಂದ ಕ್ಲಬ್. ಹೌದು, ರವಿವಾರ ಮಧ್ಯಾಹ್ನ! ಬರ್ಗ್‌ಹೈನ್ ಅನ್ನೋ ದೊಡ್ಡ ಕ್ಲಬ್‌ನಲ್ಲಿ ಶನಿವಾರ ಮಧ್ಯರಾತ್ರಿ ಶುರುವಾದ ಪಾರ್ಟಿ ಸೋಮವಾರ ಬೆಳಿಗ್ಗೆವರೆಗೂ ನಡೆಯುತ್ತದೆ. ಊರಿನವರು ಶನಿವಾರ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ರವಿವಾರ ತಿಂಡಿ ತಿಂದು ಹೋಗುತ್ತಾರೆ. ಪ್ರವಾಸಿಗರು ಶನಿವಾರ ರಾತ್ರಿ ಒಂದು ಗಂಟೆಗೆ ಹೋಗಿ ಸಾಲಲ್ಲಿ ನಡುಗುತ್ತಾ ನಿಲ್ಲುತ್ತಾರೆ.

ಬಾಗಿಲ ವಿಷಯ. ವಾಪಸ್ ಕಳಿಸೋದು ನಿಜ, ಕಾರಣ ಹೇಳಲ್ಲ. ಮೈಬಣ್ಣ ನೋಡಿ ಕಳಿಸುತ್ತಾರೆ ಅಂತ ನನಗಂತೂ ಅನಿಸಿಲ್ಲ. ಗುಂಪು ನೋಡುತ್ತಾರೆ. ಆರೆಂಟು ಗಂಡಸರು ಕುಡಿದು ಕೇಕೆ ಹಾಕುತ್ತಾ ಬಂದರೆ ಕೆಲಸ ಕೆಟ್ಟಿತು ಅಂತಲೇ. ನೀವಿಬ್ಬರೇ ಹೋಗಿ. ಸಾಲಲ್ಲಿ ಫೋನ್ ಎತ್ತಿ ವಿಡಿಯೋ ಮಾಡಬೇಡಿ. ಅವತ್ತು ಯಾರು ಬಾರಿಸುತ್ತಿದ್ದಾರೆ ಅಂತ ಗೊತ್ತಿರಲಿ, ಕೆಲವೊಮ್ಮೆ ಕೇಳುತ್ತಾರೆ. ಬೇಡ ಅಂದರೆ ವಾದ ಮಾಡದೆ ನಡೆಯಿರಿ, ಬೇರೆ ಕ್ಲಬ್ ಬೇಕಾದಷ್ಟಿವೆ.

ಒಳಗೆ ಹೋದ ಕೂಡಲೇ ಫೋನಿನ ಹಿಂದೆ ಮುಂದೆ ಎರಡೂ ಕ್ಯಾಮೆರಾಗಳ ಮೇಲೆ ಗುಂಡಗಿನ ಸಣ್ಣ ಸ್ಟಿಕ್ಕರ್ ಅಂಟಿಸುತ್ತಾರೆ. ಅದನ್ನು ಕಿತ್ತು ಫೋಟೋ ತೆಗೆದರೆ ಹೊರಗೆ ಹಾಕುತ್ತಾರೆ. ಅದರ ಬೆಲೆ ಗೊತ್ತಾಗೋದು ಒಂದೆರಡು ತಾಸು ಕಳೆದ ಮೇಲೆ. ಯಾರ ಕೈಯೂ ಮೇಲೆ ಇಲ್ಲ, ಯಾವ ಪರದೆಯೂ ಹೊಳೆಯುತ್ತಿಲ್ಲ, ಯಾರೂ ನಿಮ್ಮನ್ನು ನೋಡುತ್ತಿಲ್ಲ. ಕಬ್ಬಿಣದ ಮೆಟ್ಟಿಲು ಹತ್ತಿ ಆ ಎತ್ತರದ ಕಾಂಕ್ರೀಟ್ ಹಾಲ್‌ಗೆ ಬಂದಾಗ ಬೇಸ್ ಮೊದಲು ತಾಕೋದು ಅಂಗಾಲಿಗೆ, ಆಮೇಲೆ ಎದೆಗೆ. ಅಷ್ಟು ಜೋರಿದ್ದರೂ ಪಕ್ಕದವರ ಮಾತು ಕೇಳಿಸುತ್ತದೆ. ಸೌಂಡ್ ಸಿಸ್ಟಮ್ ಚೆನ್ನಾಗಿ ಕೂರಿಸೋದು ಅಂದರೆ ಅದು.

ಉದ್ಯಮಬಾಗ್ ಬೀಟ್:
ಅಕ್ಕಾ, ಎಷ್ಟು ಒಳ್ಳೆಯ ಮಾಹಿತಿ. ಟಿಕೆಟ್ ಎಷ್ಟು ಆಗಬಹುದು?

ಕ್ಯಾಂಪ್ ಹುಡುಗಿ:
ಬರ್ಗ್‌ಹೈನ್‌ಗೆ 30 ಯೂರೋ ಆಸುಪಾಸು ಇಟ್ಟುಕೊಳ್ಳಿ. ಬೇರೆ ಕಡೆ ಸ್ವಲ್ಪ ಕಡಿಮೆ. ನಗದು ಜೊತೆಗಿರಲಿ, ಎಷ್ಟೋ ಕ್ಲಬ್‌ಗಳಲ್ಲಿ ಬಾಗಿಲ ಬಳಿ ಕಾರ್ಡ್ ನಡೆಯಲ್ಲ. ವಾಟರ್‌ಗೇಟ್ ಅಂತ ನದಿ ದಂಡೆಯ ಕ್ಲಬ್ ಹಳೇ ಪಟ್ಟಿಗಳಲ್ಲಿ ಇನ್ನೂ ಕಾಣುತ್ತದೆ. ಅದು 2024ರ ಕೊನೆಗೆ ಮುಚ್ಚಿತು. ಬಾಡಿಗೆ ಏರಿ ಏರಿ ಹೀಗೆ ಒಂದೊಂದೇ ಹೋಗುತ್ತಿವೆ. ನೋಡಬೇಕು ಅಂತಿದ್ದರೆ ಮುಂದೆ ಹಾಕಬೇಡಿ.

ಜಮಖಂಡಿ ಜವಾರಿ:
ಹಿರಿಯರಿಗೆ ಉತ್ತರ ನಾನು ಕೊಡುತ್ತೇನೆ. ಬರ್ಲಿನ್ ಟೆಕ್ನೋ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಪಟ್ಟದಕಲ್ಲು ಇದ್ದ ಹಾಗೆ. ಮುಗೀತು.

ಹಳೇ ಕ್ಯಾಸೆಟ್:
ಅದು ಹಾಗಲ್ಲ ಜಮಖಂಡಿಯವರೇ. 2024ರಲ್ಲಿ ಸೇರಿಸಿದ್ದು ಜರ್ಮನಿಯ ರಾಷ್ಟ್ರೀಯ ಪಟ್ಟಿಗೆ, ಅವರ ದೇಶದ ಕಲೆ, ಸಂಪ್ರದಾಯಗಳ ಪಟ್ಟಿ ಅದು. ನಮ್ಮ ಪಟ್ಟದಕಲ್ಲು ಇರೋದು ಜಗತ್ತಿನ ಪಟ್ಟಿಯಲ್ಲಿ, 1987ರಿಂದ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹಿರಿಯರಿಗೆ ಹೇಳೋದಾದರೆ ಇದನ್ನು ಹೇಳಿ. 2016ರಲ್ಲಿ ಅಲ್ಲಿನ ತೆರಿಗೆ ನ್ಯಾಯಾಲಯ ಬರ್ಗ್‌ಹೈನ್‌ನ ಕಾರ್ಯಕ್ರಮಗಳನ್ನು ಸಂಗೀತ ಕಚೇರಿಗಳ ಸಾಲಿಗೆ ಸೇರಿಸಿತು. ಮನರಂಜನೆ ಅಂತ 19% ತೆರಿಗೆ ಕಟ್ಟಬೇಕಿದ್ದದ್ದು 7%ಗೆ ಇಳಿಯಿತು. ಜನ ಬರೋದು ಸಂಗೀತ ಕೇಳಲು ಅಂತ ಕೋರ್ಟೇ ಒಪ್ಪಿದೆ.

ಹಿಂದೂಸ್ತಾನಿ ಕಾಕಾ:
ಮಕ್ಕಳೇ, ನಾನು ಅರವತ್ತು ದಾಟಿದವನು. ನಿಮ್ಮ ಟೆಕ್ನೋ ಮೊದಲು ಬರೀ ಸದ್ದು ಅನಿಸುತ್ತಿತ್ತು. ಮಗ ಹೆಡ್‌ಫೋನ್ ಹಾಕಿ ಪೂರ್ತಿ ಒಂದು ಸೆಟ್ ಕೇಳಿಸಿದ. ಅರ್ಧ ತಾಸಿನವರೆಗೆ ಏನೂ ಆಗಲಿಲ್ಲ. ಆಮೇಲೆ ಒಂದು ಸಣ್ಣ ತಾಳದ ಸದ್ದು ಸೇರಿತು, ಇನ್ನೊಂದು ಹೊರಗೆ ಹೋಯಿತು. ನಿಧಾನ ಲಯದ ವಿಲಂಬಿತ ಗಾಯನ ಕೂತು ಕೇಳಿದವರಿಗೆ ಈ ತಾಳ್ಮೆ ಹೊಸದಲ್ಲ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮ್ಮ ಬೆಳಗಾವಿ ಪಕ್ಕದಲ್ಲೇ ಇದೆ. ಇಡೀ ರಾತ್ರಿ ಶ್ರೀಕೃಷ್ಣ ಪಾರಿಜಾತದ ಆಟ ನೋಡಿ ಬೆಳಗಿಗೆ ಮನೆಗೆ ಬರುತ್ತಿದ್ದ ಊರುಗಳು ನಮ್ಮವು. ರಾತ್ರಿಯಿಡೀ ಸಂಗೀತ ಕೇಳೋದು ಕೆಟ್ಟದ್ದು ಅಂತ ನಮ್ಮಲ್ಲಿ ಯಾರು ಹೇಳಿದ್ದರು? ಹುಡುಗ ಹೋಗಿ ಬರಲಿ.

ಆದರೆ ಒಂದು ಮಾತು. ಮನುಷ್ಯ ಕೈಯಿಂದ ನುಡಿಸಿದ್ದಕ್ಕೂ ಮಶೀನು ನುಡಿಸಿದ್ದಕ್ಕೂ ವ್ಯತ್ಯಾಸ ಇದ್ದೇ ಇದೆ. ಅದನ್ನು ನಾನು ಬಿಟ್ಟುಕೊಡಲ್ಲ.

ಉದ್ಯಮಬಾಗ್ ಬೀಟ್:
ಕಾಕಾ, ಧನ್ಯವಾದ. ಆದರೆ ಮಶೀನನ್ನು ನುಡಿಸೋದೂ ಕೈಯೇ. ಮುಂಬೈನ ಸಂಗೀತಗಾರ ಚರಣಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್ ಕಂಪನಿಯ ಟಿಬಿ-303 ಬೇಸ್ ಮಶೀನು, ಟಿಆರ್-808 ಡ್ರಮ್ ಮಶೀನು ಇಟ್ಟುಕೊಂಡು ಹತ್ತು ರಾಗಗಳ ರೆಕಾರ್ಡ್ ಮಾಡಿದ್ದರು. ಆಗ ಯಾರೂ ತಿರುಗಿ ನೋಡಲಿಲ್ಲ. 2010ರಲ್ಲಿ ಮತ್ತೆ ಹೊರಬಂದ ಮೇಲೆ ಯುರೋಪಿನವರು ಅವರನ್ನು ಕರೆಸಿ ಕೇಳಿದರು. ನಿಮಗೆ ಕಳಿಸುತ್ತೇನೆ, ಭೈರವ್ ಕೇಳಿ ನೋಡಿ.

ಹಿಂದೂಸ್ತಾನಿ ಕಾಕಾ:
ಕಳಿಸಪ್ಪಾ. ಕೇಳಿದ ಮೇಲೆ ಮಾತಾಡೋಣ.

ಕಪಿಲೇಶ್ವರ ಹೊಂಡ:
ಜೋರು ಬೇಸ್ ಕೇಳಬೇಕು ಅಂದರೆ ನಮ್ಮ ಗಣಪತಿ ವಿಸರ್ಜನೆಗೆ ಬನ್ನಿ. ಡಾಲ್ಬಿ ಸ್ಪೀಕರ್‌ಗಳ ಮುಂದೆ ನಿಂತರೆ ಕಿಟಕಿ ಗಾಜು ನಡುಗುತ್ತದೆ. 30 ಯೂರೋ ಯಾಕೆ ಕೊಡಬೇಕು?

ಇಎನ್‌ಟಿ ಅಕ್ಕ:
ದಯವಿಟ್ಟು ಆ ಡಾಲ್ಬಿ ಮುಂದೆ ನಿಲ್ಲಬೇಡಿ. ಪ್ರತಿ ವರ್ಷ ವಿಸರ್ಜನೆ ಆದ ವಾರ ಕಿವಿಯಲ್ಲಿ ಸಿಳ್ಳೆ ಹೊಡೆದ ಹಾಗೆ ಆಗುತ್ತಿದೆ ಅಂತ ಹುಡುಗರು ಬರುತ್ತಾರೆ. ಕೆಲವರದ್ದು ಹೋಗುತ್ತದೆ, ಕೆಲವರದ್ದು ಹೋಗಲ್ಲ. ಲೆಕ್ಕ ನೋಡಿ: 85 ಡೆಸಿಬೆಲ್ ಇದ್ದರೆ 8 ತಾಸು ತಡೆದುಕೊಳ್ಳಬಹುದು. ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ ಆಗುತ್ತದೆ. 100 ಡೆಸಿಬೆಲ್‌ನಲ್ಲಿ ಸಿಗೋದು 15 ನಿಮಿಷ ಮಾತ್ರ. ಕ್ಲಬ್ ಒಳಗೂ ಇದೇ ಲೆಕ್ಕ, ಸೌಂಡ್ ಎಷ್ಟೇ ಚೆನ್ನಾಗಿರಲಿ. ಸಂಗೀತಕ್ಕೆ ಅಂತಲೇ ಮಾಡಿದ ಇಯರ್‌ಪ್ಲಗ್ ಸಿಗುತ್ತವೆ, ಸ್ವರ ಕೆಡಿಸದೆ ಸದ್ದು ಮಾತ್ರ ಇಳಿಸುತ್ತವೆ. ಇಬ್ಬರಿಗೂ ಇಲ್ಲಿಂದಲೇ ಒಯ್ಯಿರಿ. ಬೀಟ್ ತಮ್ಮಾ, ನೀನು ಹಗಲು ಮಶೀನ್ ಸದ್ದಿನಲ್ಲಿ ಕೆಲಸ ಮಾಡೋನು, ನಿನಗಂತೂ ಬೇಕೇ ಬೇಕು.

ಕಪಿಲೇಶ್ವರ ಹೊಂಡ:
ಅಕ್ಕಾ, ವರ್ಷಕ್ಕೊಮ್ಮೆ ಹಬ್ಬ. ಎಲ್ಲದಕ್ಕೂ ಬೇಡ ಅಂದರೆ ಹೇಗೆ?

ಇಎನ್‌ಟಿ ಅಕ್ಕ:
ಹಬ್ಬ ಬೇಡ ಅಂದಿಲ್ಲ. ಮೆರವಣಿಗೆ ದಾರಿಯಲ್ಲಿ ತೊಟ್ಟಿಲ ಮಕ್ಕಳಿರುತ್ತಾರೆ, ಹೃದಯದ ತೊಂದರೆ ಇದ್ದವರು ಇರುತ್ತಾರೆ. ಕ್ಲಬ್‌ಗೆ ಹೋಗೋರು ತಾವಾಗಿ ದುಡ್ಡು ಕೊಟ್ಟು ಹೋಗುತ್ತಾರೆ, ಬೇಡವಾದಾಗ ಹೊರಗೆ ಬರುತ್ತಾರೆ. ಮನೆಯಲ್ಲಿ ಮಲಗಿದವರು ಎಲ್ಲಿಗೆ ಹೋಗಬೇಕು?

ಗಣಪತ್ ಗಲ್ಲಿ ವ್ಯಾಪಾರಿ:
ಅಕ್ಕ ಹೇಳಿದ್ದು ಸರಿ. ನಮ್ಮ ಗಲ್ಲಿಯವರಿಗೆ ಗೊತ್ತು ಆ ರಾತ್ರಿ.

ಇಳಕಲ್ ಅಂಚು:
ಶಾಪಿಂಗ್ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ಬಟ್ಟೆ ಕೆಲಸದ ಮೇಲೆ ನಾನು ಹೋಗಿದ್ದೆ. ಕಾಡೇವೇ ಅಂತ 1907ರ ದೊಡ್ಡ ಅಂಗಡಿ ಇದೆ, ನೋಡೋಕೆ ಚೆನ್ನ, ಕೊಳ್ಳೋಕೆ ಕಷ್ಟ. ಬರ್ಲಿನ್‌ನ ನಿಜವಾದ ಶಾಪಿಂಗ್ ಸೆಕೆಂಡ್ ಹ್ಯಾಂಡ್. ಫ್ರಾಂಕ್‌ಫುರ್ಟರ್ ಟೋರ್ ನಿಲ್ದಾಣದ ಮೇಲೆಯೇ ಹ್ಯುಮಾನಾ ಅಂಗಡಿ, ಹಲವು ಮಹಡಿ ಬರೀ ಹಳೇ ಬಟ್ಟೆ. ಉಣ್ಣೆ ಕೋಟು, ಚರ್ಮದ ಜಾಕೆಟ್ ಒಳ್ಳೊಳ್ಳೆಯವು ಸಿಗುತ್ತವೆ. ಒಳಗಿನ ಅಸ್ತರಿ, ಕಂಕುಳ ಹೊಲಿಗೆ, ಜಿಪ್ ನೋಡಿ ತೆಗೆದುಕೊಳ್ಳಿ. ಟರ್ಕಿಯವರ ಸಂತೆ ಮೈಬಾಖ್‌ಉಫರ್ ಕಾಲುವೆ ದಂಡೆಯಲ್ಲಿ, ಮಂಗಳವಾರ ಮತ್ತು ಶುಕ್ರವಾರ. ಅಲ್ಲಿ ಮೀಟರ್ ಲೆಕ್ಕದಲ್ಲಿ ಬಟ್ಟೆ, ಗುಂಡಿ, ಲೇಸು ಸಿಗುತ್ತವೆ. ಊಟಕ್ಕೂ ಅಲ್ಲೇ ಹೋಗಿ. ಫಲಾಫೆಲ್, ಆಲಿವ್, ಬಿಸಿ ಬ್ರೆಡ್. ಮೊಟ್ಟೆ ತಿನ್ನದವರಿಗೆ ಬರ್ಲಿನ್ ಕಷ್ಟದ ಊರಲ್ಲ. "ವೀಗನ್" (ಹಾಲು, ಮೊಟ್ಟೆ, ಮಾಂಸ ಯಾವುದೂ ಇಲ್ಲದ್ದು) ಅಂತ ಬರೆದದ್ದನ್ನು ಕಣ್ಣುಮುಚ್ಚಿ ತಿನ್ನಬಹುದು.

ಕ್ಲಬ್‌ಗೆ ಎಲ್ಲರೂ ಕಪ್ಪು ಹಾಕುತ್ತಾರೆ. ನಾನು ಗುಳೇದಗುಡ್ಡ ಖಣದಲ್ಲಿ ಹೊಲಿಸಿದ ಕಪ್ಪು ಜಾಕೆಟ್ ಹಾಕಿ ಹೋಗಿದ್ದೆ. ಬಟ್ಟೆ ಇಡೋ ಕೌಂಟರ್‌ನ ಹುಡುಗಿ ಅದನ್ನು ತೂಗುಹಾಕುವ ಮೊದಲು ದೀಪದ ಕೆಳಗೆ ಹಿಡಿದು, ಬೆರಳಲ್ಲಿ ಬುಟ್ಟಾ ಸವರಿ ನೋಡಿದಳು. ಎಲ್ಲಿಯದು ಅಂತ ಕೇಳಿದಳು. ಹೇಳಿದೆ.

ತಿಕೋಟಾ ದ್ರಾಕ್ಷಿ:
ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಲಿ. ಅಲ್ಲಿದ್ದವರಿಗೆ ಕೊಡೋಕೆ ಒಂದು ಕೆಜಿ ಕುಂದಾ.

ಕ್ಯಾಂಪ್ ಹುಡುಗಿ:
ರೊಟ್ಟಿ, ಚಟ್ನಿ ಸರಿ. ಕುಂದಾ ಒಯ್ಯಬೇಡಿ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ಎರಡನ್ನೂ ಪ್ರಯಾಣಿಕರು ಯುರೋಪ್ ಒಕ್ಕೂಟದೊಳಗೆ ತರುವಂತಿಲ್ಲ. ಸಿಕ್ಕರೆ ಕಸದ ಬುಟ್ಟಿಗೆ. ಊರ ಕುಂದಾ ಹಾಗೆ ಹೋಗೋದು ನೋಡಲಾಗಲ್ಲ.

ಸಾಂಬ್ರಾ ರನ್‌ವೇ:
ಟ್ಯಾಕ್ಸ್ ವಾಪಸ್ ಪಡೆಯೋದು ಮರೆಯಬೇಡಿ. ಅಲ್ಲಿ ಬೆಲೆಯಲ್ಲಿ 19% ವ್ಯಾಟ್ ಸೇರಿರುತ್ತದೆ. ಒಂದೇ ಅಂಗಡಿಯಲ್ಲಿ 50 ಯೂರೋ ಮೀರಿ ಕೊಂಡರೆ ಪಾಸ್‌ಪೋರ್ಟ್ ತೋರಿಸಿ ಫಾರ್ಮ್ ತೆಗೆದುಕೊಳ್ಳಿ. ಕೊನೆಗೆ ವಾಪಸ್ ಬರುವಾಗ ವಿಮಾನ ಬದಲಿಸುವ ಫ್ರಾಂಕ್‌ಫರ್ಟ್‌ನಲ್ಲಿ ಕಸ್ಟಮ್ಸ್ ಮುದ್ರೆ ಹಾಕಿಸಿ.

ಕ್ಯಾಂಪ್ ಹುಡುಗಿ:
ಒಂದು ತಿದ್ದುಪಡಿ. ಸಾಮಾನು ಕೈಚೀಲದಲ್ಲಿದ್ದರೆ ಫ್ರಾಂಕ್‌ಫರ್ಟ್. ಬರ್ಲಿನ್‌ನಿಂದ ನೇರ ಬೆಂಗಳೂರಿಗೆ ಟ್ಯಾಗ್ ಹಾಕಿದ ದೊಡ್ಡ ಬ್ಯಾಗಿನಲ್ಲಿದ್ದರೆ ಬರ್ಲಿನ್‌ನಲ್ಲೇ ತೋರಿಸಬೇಕು, ಬ್ಯಾಗ್ ಒಳಗೆ ಹೋಗುವ ಮೊದಲು. ಆಮೇಲೆ ಸಾಮಾನು ತೋರಿಸೋಕೆ ಎಲ್ಲಿಂದ ತರುತ್ತೀರಿ? ಹೊಸದನ್ನು ಬಳಸದೆ ಹಾಗೇ ಇಡಿ. ಕೈಗೆ ಬರೋದು ಪೂರ್ತಿ 19% ಅಲ್ಲ, ದುಡ್ಡು ವಾಪಸ್ ಕೊಡಿಸುವ ನಡುವಿನ ಕಂಪನಿಯ ಶುಲ್ಕ ಕಳೆಯುತ್ತದೆ. ನಮ್ಮ ಕಡೆಯ ಕಸ್ಟಮ್ಸ್‌ಗೂ ಮಿತಿ ಇದೆ, ಸಿಂಥ್ ತರುವುದಾದರೆ ಬಿಲ್ ಜೋಪಾನ.

ಉದ್ಯಮಬಾಗ್ ಬೀಟ್:
ಸಿಂಥ್ ಅಂಗಡಿ ಯಾವುದು ಒಳ್ಳೆಯದು?

ಹಳೇ ಕ್ಯಾಸೆಟ್:
ಕೊಟ್‌ಬುಸರ್ ಟೋರ್‌ನಲ್ಲಿ ಶ್ನೈಡರ್ಸ್‌ಲಾಡೆನ್. ಬಿಡಿ ಭಾಗಗಳನ್ನು ಕೇಬಲ್‌ನಿಂದ ಸೇರಿಸೋ ಮಾಡ್ಯುಲರ್ ಸಿಂಥ್‌ಗಳನ್ನು ಜೋಡಿಸಿಟ್ಟಿರುತ್ತಾರೆ, ಹೆಡ್‌ಫೋನ್ ಹಾಕಿ ಕೇಬಲ್ ಚುಚ್ಚಿ ನೋಡುತ್ತಾ ಕೂರಬಹುದು. ರೆಕಾರ್ಡ್‌ಗೆ ಹಾರ್ಡ್ ವ್ಯಾಕ್ಸ್, 1989ರಿಂದ ಇರೋ ಅಂಗಡಿ. ಡೆಟ್ರಾಯಿಟ್ ರೆಕಾರ್ಡ್‌ಗಳನ್ನು ಬರ್ಲಿನ್‌ಗೆ ತಲುಪಿಸಿದ್ದರಲ್ಲಿ ಅದರ ಪಾಲು ದೊಡ್ಡದು. ಪ್ರತಿ ರೆಕಾರ್ಡ್ ಹೇಗಿದೆ ಅಂತ ಒಂದೆರಡು ಪದದಲ್ಲಿ ಬರೆದಿರುತ್ತಾರೆ, ಅಷ್ಟೇ ಸಾಕಾಗುತ್ತದೆ. ನೀನು ಟ್ರ್ಯಾಕ್ ಮಾಡೋದು ಏಬಲ್ಟನ್ ಸಾಫ್ಟ್‌ವೇರ್‌ನಲ್ಲಾ? ಆ ಕಂಪನಿಯೂ ಅದೇ ಊರಿನದು.

ಉದ್ಯಮಬಾಗ್ ಬೀಟ್:
ಹೌದು ಅಣ್ಣಾ, ಏಬಲ್ಟನ್ನೇ.

ಗಣಪತ್ ಗಲ್ಲಿ ವ್ಯಾಪಾರಿ:
ಸೆಕೆಂಡ್ ಹ್ಯಾಂಡ್ ಬಟ್ಟೆಗೆ ಅಷ್ಟು ದೂರ ಹೋಗೋದು ನನಗೆ ಈಗಲೂ ಒಪ್ಪಿಗೆ ಇಲ್ಲ. ಆದರೆ ಸಿಂಥ್ ಅಂಗಡಿ ವಿಷಯ ಕೇಳಿದ ಮೇಲೆ ಹುಡುಗ ಯಾಕೆ ಹೋಗುತ್ತಿದ್ದಾನೆ ಅಂತ ಅರ್ಥ ಆಯಿತು.

ಸಾಂಬ್ರಾ ರನ್‌ವೇ:
ವೀಸಾ: ಷೆಂಗೆನ್, ಶುಲ್ಕ 90 ಯೂರೋ, 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಪ್ರಯಾಣಕ್ಕೆ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಬೆರಳಚ್ಚು ಕೊಡಬೇಕು, ರಾಣಿ ಚೆನ್ನಮ್ಮ ರೈಲಿಗೆ ರಾತ್ರಿ ಹತ್ತಿದರೆ ಬೆಳಿಗ್ಗೆ ಅಲ್ಲಿ. ಬೇಸಿಗೆ ಮೊದಲೇ ಅಪಾಯಿಂಟ್‌ಮೆಂಟ್ ನೋಡಿ, ಆಮೇಲೆ ಸಿಗೋದು ಕಷ್ಟ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಮ್ಯೂನಿಕ್ ಎರಡಕ್ಕೂ ನೇರ ವಿಮಾನ ಇದೆ.

ಬೀಟ್ ಮನೆಯವಳು:
ನಮಸ್ಕಾರ, ಇವರ ಹೆಂಡತಿ ಬರೆಯುತ್ತಿದ್ದೇನೆ. ನನ್ನ ಪಾಲಿಗೆ ಬರೀ ಬಟ್ಟೆ ಮತ್ತು ಸಂತೆ ಅಂತ ಬರೆದಿದ್ದಾರೆ. ನಾನೂ ಕ್ಲಬ್‌ಗೆ ಬರುತ್ತೇನೆ. ಮದುವೆ ಬರಾತಿನಲ್ಲಿ ಬಿಟ್ಟರೆ ಹೆಣ್ಣುಮಕ್ಕಳು ಮನಸಾರೆ ಕುಣಿಯೋ ಜಾಗ ನಮ್ಮಲ್ಲಿ ಎಲ್ಲಿದೆ? ಅಲ್ಲೂ ನೋಡೋ ಕಣ್ಣು ಸಾವಿರ. ಕ್ಯಾಂಪ್ ಅಕ್ಕಾ, ಅಲ್ಲಿ ಹೆಂಗಸರಿಗೆ ಹೇಗಿರುತ್ತದೆ, ನಿಜ ಹೇಳಿ. ಇವರು ರೆಕಾರ್ಡ್ ಅಂಗಡಿ ಸೇರಿದರೆ ಸಂಜೆವರೆಗೆ ಹೊರಗೆ ಬರಲ್ಲ, ಆಗ ನಾನೊಬ್ಬಳೇ ತಿರುಗಾಡಬಹುದಾ?

ಕ್ಯಾಂಪ್ ಹುಡುಗಿ:
ತಂಗೀ, ನೀನು ಕೇಳಿದ್ದು ತುಂಬಾ ಖುಷಿ ಆಯಿತು. ಒಬ್ಬಳೇ ತಿರುಗಾಡಬಹುದು. ಶುಕ್ರವಾರ, ಶನಿವಾರ ರಾತ್ರಿ ಊ-ಬಾನ್ ಅನ್ನೋ ಮೆಟ್ರೋ ರೈಲು ಬೆಳಗಿನವರೆಗೂ ಓಡುತ್ತದೆ. ಟಿಕೆಟ್ ಕೊಂಡರೆ ಸಾಲದು, ಪ್ಲಾಟ್‌ಫಾರ್ಮ್‌ನ ಸಣ್ಣ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಇಲ್ಲದಿದ್ದರೆ 60 ಯೂರೋ ದಂಡ. ಕೊಟ್‌ಬುಸರ್ ಟೋರ್ ಕಡೆ ರಾತ್ರಿ ಹೊತ್ತು ಚೀಲ ಜೋಪಾನ.

ಕ್ಲಬ್ ಒಳಗೆ ನಾನು ನನ್ನ ಪಾಡಿಗೆ ಕಣ್ಣುಮುಚ್ಚಿ ಕುಣಿದಿದ್ದೇನೆ, ಯಾರೂ ಮೈ ತಾಕಿಸಲಿಲ್ಲ. ಎಲ್ಲ ಕಡೆ ಹಾಗೇ ಇರುತ್ತದೆ ಅಂತ ಮಾತು ಕೊಡೋಕೆ ಆಗಲ್ಲ. ಯಾರಾದರೂ ಕಿರಿಕಿರಿ ಮಾಡಿದರೆ ಬಾರ್‌ನಲ್ಲಿದ್ದವರಿಗೆ ಹೇಳು. ಇದಕ್ಕೇ ಅಂತ ಜನ ಇಟ್ಟಿರುವ ಕ್ಲಬ್‌ಗಳಿವೆ, ಅವರು ಬಂದು ನೋಡಿಕೊಳ್ಳುತ್ತಾರೆ. ಬಿಟ್ಟು ಹೋದ ಗ್ಲಾಸಿನಿಂದ ಮತ್ತೆ ಕುಡಿಯಬೇಡ. ಯಾರು ಏನು ಮಾತ್ರೆ ಕೊಟ್ಟರೂ ಬೇಡ ಅನ್ನು. ಬರ್ಗ್‌ಹೈನ್ ಒಳಗೆ ಅರೆಬಟ್ಟೆಯಲ್ಲಿ ಇರುವವರು, ಮೂಲೆಗಳಲ್ಲಿ ಜೋಡಿಗಳು, ಎಲ್ಲ ಕಣ್ಣಿಗೆ ಬೀಳುತ್ತದೆ. ಮೊದಲೇ ಗೊತ್ತಿರಲಿ. ಬೇಡ ಅನಿಸಿದರೆ ಸಿಸಿಫೋಸ್ ಕ್ಲಬ್‌ಗೆ ಹೋಗಿ, ಹೊರಗೆ ದೊಡ್ಡ ಅಂಗಳ ಇದೆ, ಹಗಲಲ್ಲೇ ಕುಣಿಯಬಹುದು.

ಬೀಟ್ ಮನೆಯವಳು:
ಥ್ಯಾಂಕ್ಸ್ ಅಕ್ಕಾ. ಹಾಗಾದರೆ ರವಿವಾರ ಬೆಳಿಗ್ಗೆ ಸಂತೆಗೆ ಹೋಗಿ, ಕೊಂಡದ್ದನ್ನು ರೂಮಿನಲ್ಲಿ ಇಟ್ಟು, ಊಟ ಮಾಡಿ ಸಿಸಿಫೋಸ್. ಸರಿಯಾಗುತ್ತಾ? ಕಾಲಿಗೆ ಏನು ಹಾಕಲಿ?

ಕ್ಯಾಂಪ್ ಹುಡುಗಿ:
ಸರಿಯಾಗುತ್ತದೆ. ಸಂತೆ ಮಾವರ್‌ಪಾರ್ಕ್‌ನಲ್ಲಿ, ಬೆಳಿಗ್ಗೆ ಬೇಗ ಹೋಗು, ಮಧ್ಯಾಹ್ನ ಕಾಲಿಡಲು ಜಾಗ ಇರಲ್ಲ. ಕಾಲಿಗೆ ಬೂಟು, ಹೀಲ್ಸ್ ಬೇಡ. ಸೆಪ್ಟೆಂಬರ್‌ನಲ್ಲಿ ಸಂಜೆ ಚಳಿ ಬೀಳುತ್ತದೆ, ಒಂದು ಸ್ವೆಟರ್ ಜೊತೆಗಿರಲಿ.